ಚುರುಮರಿಯ ಪಾಲು

ಕಾಯಿಲೆಯವರಿರುವ ಮನೆಯ ಮೇಲೆ ನಮ್ಮೂರಿನಲ್ಲಿ ಮಳೆ ಬೀಳುವುದಿಲ್ಲ. ಸುತ್ತಲಿನ ಮಾಳಿಗೆಗಳೆಲ್ಲ ತೊಯ್ದು ತೊಟ್ಟಿಕ್ಕುತ್ತಿರುವಾಗ ಅದೊಂದು ಮಾಳಿಗೆ, ಅದರ ಅಂಗಳ, ಬೇಸಿಗೆಯಲ್ಲಿದ್ದ ಹಾಗೆಯೇ ಬೆಳ್ಳಗೆ ಒಣಗಿರುತ್ತದೆ. ಅದರ ನೆತ್ತಿಯ ಮೇಲೆ ಮೋಡವೂ ಒಂದಿಷ್ಟು ಸರಿದು ಬೆಳಕು ಬಿಡುತ್ತದೆ. ಅಂಥ ಮನೆಯ ಮುಂದೆ ಹಾಯುವಾಗ ನಾವು ಗಟ್ಟಿಯಾಗಿ ಮಾತಾಡುವುದಿಲ್ಲ. ಒಂದು ದಿನ ಆ ಮಾಳಿಗೆಯ ಮೇಲೂ ಮಳೆ ಬೀಳುತ್ತದೆ. ಆಗ ಕಾಯಿಲೆ ಮುಗಿಯಿತು ಎಂದು ತಿಳಿಯುತ್ತೇವೆ. ಮುಗಿಯಿತು ಎಂಬುದನ್ನಷ್ಟೇ ಮಳೆ ಹೇಳುತ್ತದೆ. ಹೇಗೆ ಮುಗಿಯಿತು ಎಂಬುದನ್ನು ಒಳಗೆ ಹೋಗಿಯೇ ನೋಡಬೇಕು.

ಹಾಗೆಂದು ಬರೀ ಮರುಗುತ್ತ ಕೂರುವ ಜನವೂ ನಮ್ಮದಲ್ಲ. ಮಳೆಗಾಲದಲ್ಲಿ ಒಣ ಮಾಳಿಗೆ ಸಿಕ್ಕರೆ ಬಿಡುವವರಾರು? ಓಣಿಯ ಹೆಣ್ಣುಮಕ್ಕಳು ಹಪ್ಪಳ, ಸಂಡಿಗೆ, ಶಾವಿಗೆ ಹೊತ್ತು ಜಡ್ಡಿನವರ ಮಾಳಿಗೆ ಹತ್ತುತ್ತಾರೆ. ಯಾರನ್ನೂ ಕೇಳಬೇಕಾಗಿಲ್ಲ. ಕಟ್ಟಳೆ ಒಂದೇ: ಒಣಗಿದ್ದರಲ್ಲಿ ಮೊದಲ ಪಾಲು ಜಡ್ಡಿನವರದು. ಕೊಟ್ಟರೆ ಸಾಲದು, ಅವರು ಅದನ್ನು ತಿನ್ನಬೇಕು. ಒಂದು ಚೂರಾದರೂ ಗಂಟಲಿಗಿಳಿಯಬೇಕು. ಇಳಿಯಲಿಲ್ಲ ಎಂದರೆ ಆ ಮಾಳಿಗೆಯ ಬಿಸಿಲು ನಮಗೆ ಸಂದಿಲ್ಲ ಎಂದರ್ಥ. ಒಣಗಿಸಿದ್ದನ್ನು ಅಲ್ಲಿಯೇ ಬಿಟ್ಟು ಇಳಿದು ಬರಬೇಕು. ಇನ್ನೊಂದು ಮಾತನ್ನೂ ಹಿರಿಯರು ಹೇಳಿಟ್ಟಿದ್ದಾರೆ, ಜಡ್ಡಿನವರನ್ನು ಹೊತ್ತುಕೊಂಡು ಮನೆಯಿಂದ ಮನೆಗೆ ತಿರುಗಬಾರದು ಎಂದು. ಯಾವ ಕಾಲದಲ್ಲಿ ಯಾರು ಯಾರ ಅಜ್ಜಿಯನ್ನು ಹೊತ್ತು ತಿರುಗಿದ್ದರೋ, ಶಿವನಿಗೇ ಗೊತ್ತು.

ನಾನು ಗದಿಗೆಪ್ಪ. ವಿಭೂತಿ ಮಾಡುವುದು ನಮ್ಮ ಮನೆತನದ ಕೆಲಸ. ಸಗಣಿಯ ಕುಳ್ಳು ಸುಟ್ಟು, ಬೂದಿಯನ್ನು ನೀರಿನಲ್ಲಿ ಕದಡಿ, ಬಟ್ಟೆಯಲ್ಲಿ ಸೋಸಿ, ತಿಳಿ ಬಸಿದು, ತಳದಲ್ಲಿ ಉಳಿದ ಬೆಣ್ಣೆಯಂಥ ಬಿಳಿಯನ್ನು ಗಟ್ಟಿ ಕಟ್ಟಿ ಒಣಗಿಸಬೇಕು. ಮಳೆಗಾಲ ನಮಗೆ ರಜೆಯ ಕಾಲ. ನಾನು ಜಪ ಮಾಡುತ್ತೇನೆ, ನನ್ನ ಹೆಂಡತಿ ನೀಲವ್ವ ಕೌದಿ ಹೊಲಿಯುತ್ತಾಳೆ. ಎರಡು ವರ್ಷದ ಹಿಂದೆ ನಮ್ಮ ಪಡಸಾಲೆಯ ಪಕ್ಕದ ಕೋಣೆಯಲ್ಲಿ ಬಾಡಿಗೆಗಿದ್ದ ನರ್ಸಬಾಯಿಗೆ ವರ್ಗವಾಯಿತು. ಹೋಗುವಾಗ ಒಂದು ತಂತಿ ಪಂಜರ ತಂದು ನೀಲವ್ವನ ಮುಂದಿಟ್ಟಳು. ಒಳಗೆ ಮುಷ್ಟಿಯಷ್ಟು ಗಾತ್ರದ, ಬಾಲವೇ ಇಲ್ಲವೆನ್ನುವಂಥ, ಗೋದಿ ಬಣ್ಣದ ಒಂದು ಪ್ರಾಣಿ. ಹ್ಯಾಮ್‌ಸ್ಟರ್ ಎಂದಳು. ನಮ್ಮ ನಾಲಿಗೆಗೆ ಅದು ಹೊರಳಲಿಲ್ಲ. ಮೊದಲ ದಿನ ಅದು ನೀಲವ್ವನ ಅಂಗೈಯಿಂದ ಒಂದು ಚುರುಮರಿ ಕಾಳು ಎತ್ತಿಕೊಂಡು, ಎರಡೂ ಕೈಯಲ್ಲಿ ಹಿಡಿದು, ಪೂಜೆಗೆ ಕೂತವರ ಹಾಗೆ ಕೂತಿತು. ಅಂದಿನಿಂದ ಅದರ ಹೆಸರು ಚುರುಮರಿ.

ಈ ವರ್ಷದ ಮೊದಲ ಮಳೆ ಬಂದಾಗ ಊರಿಗೆಲ್ಲ ಬಂತು, ನಮ್ಮ ಮನೆಗೆ ಬರಲಿಲ್ಲ.

ನಾನು ಅಂಗಳದಲ್ಲಿ ನಿಂತು ಮೇಲೆ ನೋಡಿದೆ. ಎದುರು ಮನೆಯ ಕಟ್ಟೆಯಿಂದ ಪರಪ್ಪಜ್ಜ ಕೊಡೆ ಹಿಡಿದು ಬಂದ. ಓಣಿಯ ಕಟ್ಟಳೆಗಳನ್ನೆಲ್ಲ ಬಾಯಲ್ಲಿಟ್ಟುಕೊಂಡ ಮುದುಕ. ನಮ್ಮ ಅಂಗಳಕ್ಕೆ ಕಾಲಿಟ್ಟು ಕೊಡೆ ಮಡಚಿದ. "ಯಾರಿಗಪಾ ತಮ್ಮಾ?" ಎಂದ.

"ಯಾರಿಗೂ ಏನಿಲ್ಲಜ್ಜಾ. ನಾವಿಬ್ಬರೂ ಗಟ್ಟಿ ಅದೀವಿ."

"ಮಳಿ ಸುಳ್ಳ ಹೇಳ್ತೈತೇನು? ನೀಲವ್ವನ್ನ ಕರಿ."

ನೀಲವ್ವ ಬಂದಳು. ಪರಪ್ಪಜ್ಜ ಅವಳ ಕಣ್ಣು ನೋಡಿದ, ನಾಲಿಗೆ ನೋಡಿದ. ಅಷ್ಟರಲ್ಲಿ ಬಲಗಡೆಯ ಮನೆಯ ಶಂಕ್ರವ್ವ ಹಸಿ ಶಾವಿಗೆಯ ಮೊರ ಹೊತ್ತು ಬಂದೇಬಿಟ್ಟಳು. ಗಂಡನಿಲ್ಲದ ಹೆಣ್ಣುಮಗಳು. ಶಾವಿಗೆ ಹೊಸೆದು ಒಬ್ಬ ಮಗಳನ್ನು ಬೆಳೆಸಿದವಳು. "ಯಕ್ಕಾ, ನಿನಗ ಜಡ್ಡಂತ ನನಗ ಹೊಟ್ಯಾಗ ಸಂಕಟಾಗೇತಿ. ಮಾಳಿಗಿಗೆ ಏಣಿ ಹಚ್ಚೈತೇನು?" ಎಂದಳು, ಎರಡನ್ನೂ ಒಂದೇ ಉಸಿರಿನಲ್ಲಿ.

ಎಂಟು ದಿನ ಓಣಿಯೆಲ್ಲ ನೀಲವ್ವನಿಗೆ ಪಾಲು ತಂದು ತಿನ್ನಿಸಿತು. ತಿಂದೂ ತಿಂದೂ ಅವಳ ಮುಖಕ್ಕೆ ಕಳೆ ಬಂತು. ಜಡ್ಡು ಅವಳದಲ್ಲ ಎಂದು ಎಲ್ಲರಿಗೂ ಖಾತ್ರಿಯಾಯಿತು. ಹಾಗಾದರೆ ಗದಿಗೆಪ್ಪನದೇ. ನಾನು ಒಪ್ಪಲಿಲ್ಲ. ಆದರೆ ಊರೆಲ್ಲ ತಗ್ಗಿದ ದನಿಯಲ್ಲಿ ಮಾತಾಡಿಸತೊಡಗಿದರೆ ಎಂಥವನಿಗೂ ಎದೆಯಲ್ಲಿ ಏನೋ ಹಿಡಿದಂತಾಗುತ್ತದೆ. ನಾನು ಮೂರು ದಿನ ಹಾಸಿಗೆಯಲ್ಲಿ ಮಲಗಿದೆ. ಮಾಡಿದ ತಪ್ಪುಗಳನ್ನು ನೆನೆದೆ. ನನ್ನ ಲಿಂಗಪೂಜೆಯ ಬಟ್ಟಲನ್ನು ಯಾರಿಗೆ ಕೊಡಬೇಕೆಂದು ನೀಲವ್ವನಿಗೆ ಹೇಳಿದೆ. "ಏಳ್ರಿ ಸಾಕು, ಅಂಗಳ ಒಣಗೇತಿ, ಕುಳ್ಳರೆ ಸುಡ್ರಿ" ಎಂದಳು.

ಎದ್ದು ಕುಳ್ಳಿನ ಗೂಡು ಹಚ್ಚಿದೆ. ಹೊಗೆಗೆ ಚುರುಮರಿ ಸೀನುತ್ತದೆ ಎಂದು ನೀಲವ್ವ ಪಂಜರವನ್ನು ಸೆರಗಿನಲ್ಲಿ ಮುಚ್ಚಿ ಶಂಕ್ರವ್ವನ ಮನೆಗೆ ಒಯ್ದಳು. ಅವಳು ಆ ಹೊಸ್ತಿಲು ದಾಟಿ ಒಂದು ಗಳಿಗೆಯಾಗಿರಬೇಕು, ನನ್ನ ನೆತ್ತಿಯ ಮೇಲೆ ದಪ್ಪ ಹನಿ ಬಿತ್ತು. ಇನ್ನೊಂದು ಬಿತ್ತು. ಗೂಡು ಚುಸ್ಸೆಂದು ಆರಿತು. ನನ್ನ ಕಾಯಿಲೆ ಮುಗಿದಿತ್ತು. ಹೇಗೆ ಮುಗಿಯಿತೆಂದು ತಿಳಿಯಲು ನಾನು ಮೊದಲು ಮುಂಗೈ ಚಿವುಟಿಕೊಂಡು ನೋಡಿದೆ. ನೋವಾಯಿತು. ಅಷ್ಟರಲ್ಲಿ ಗೋಡೆಯಾಚೆಯಿಂದ ಶಂಕ್ರವ್ವ ಕೂಗಿದಳು, "ಯಕ್ಕಾ! ನಮ್ಮನಿ ಮ್ಯಾಲೆ ಮಳಿ ನಿಂತತಿ! ನಮ್ಮನ್ಯಾಗ ಯಾರಿಗ ಏನಾತು?"

ಅವರ ಮನೆಯಲ್ಲಿ ಶಂಕ್ರವ್ವ, ಅವಳ ಮಗಳು ಕಸ್ತೂರಿ, ಪಂಜರ. ನೀಲವ್ವ ಪಂಜರದೊಳಗೆ ಕೈಯಿಟ್ಟು ಚುರುಮರಿಯನ್ನು ಎತ್ತಿ ತಿರುವಿದಳು. ಮುಂಗಾಲಿನ ಕೆಳಗೆ, ಕೂದಲಿನ ಒಳಗೆ, ಬಟಾಣಿ ಕಾಳಿನಷ್ಟು ಗಂಟು ಬೆರಳಿಗೆ ಸಿಕ್ಕಿತು.

ಪರಪ್ಪಜ್ಜ ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಯೋಚಿಸಿದ. "ಗ್ವಾಡ್ಯಾಗಿನ ಇಲಿಗೆ ಜಡ್ಡಾದ್ರ ಮಳಿ ನಿಲ್ತೈತೇನು? ಇಲ್ಲ. ನೀವು ಇದಕ್ಕ ಹೆಸರಿಟ್ಟು ಕರದ್ರಿ. ಅದಕ್ಕ ಮ್ಯಾಲಿನಾವಗೂ ಇದರ ಗುರುತಾತು" ಎಂದ. ಓಣಿಗೆ ಆ ಮಾತು ಸರಿಯೆನಿಸಿತು. ಅದಕ್ಕಿಂತ ಬೇಗ ಓಣಿಗೆ ಇನ್ನೊಂದು ಹೊಳೆದಿತ್ತು. ಪಂಜರಕ್ಕೆ ಮೇಲೊಂದು ಹಿಡಿಕೆ ಇತ್ತು.

"ಒಂದ ದಿನದ ಮಟ್ಟಿಗೆ ಕೊಡ್ರಿ, ನಮ್ಮ ಮೆಣಸಿನಕಾಯಿ ಮುಗ್ಗಲ ಹಿಡದಾವು" ಎಂದು ಒಬ್ಬರು ಬಂದರು. ನಾನು ಪರಪ್ಪಜ್ಜನ ಮುಖ ನೋಡಿದೆ. "ಮನಷ್ಯಾರನ್ನ ಹೊತ್ತು ತಿರಗಬಾರದಂತ ಐತಿ" ಎಂದ ಅವನು, "ಇದರ ಬಗ್ಗೆ ಹಿರೇರು ಏನೂ ಹೇಳಿಲ್ಲ." ಮರುದಿನ ಪಂಜರ ಅವನ ಮನೆಯಲ್ಲಿಯೇ ಇತ್ತು.

ಹೀಗೆ ಚುರುಮರಿ ಓಣಿಯೆಲ್ಲ ತಿರುಗಿತು. ಇವತ್ತು ಇವರ ಸಂಡಿಗೆ, ನಾಳೆ ಅವರ ಕಡಲೆ. ಸಂಜೆ ಪಂಜರ ಮನೆಗೆ ಬರುವಾಗ ಎಲ್ಲರೂ ಪಾಲು ಹಾಕಿಯೇ ಕಳಿಸುತ್ತಿದ್ದರು. ನಮ್ಮ ಜನ ಆ ವಿಷಯದಲ್ಲಿ ತಪ್ಪುವವರಲ್ಲ. ಚುರುಮರಿ ಹಪ್ಪಳದ ಚೂರನ್ನು ಬಾಯಿಗಿಟ್ಟುಕೊಂಡು ಒಳಕ್ಕೆಳೆದ ಕೂಡಲೇ, "ತಿಂತು, ತಿಂತು" ಎಂದು ಕೈಮುಗಿದು ಹಗುರಾಗುತ್ತಿದ್ದರು. ಅದರ ಕೆನ್ನೆಗಳು ಊದಿಕೊಳ್ಳುತ್ತಿದ್ದವು. ಎಷ್ಟು ಖುಷಿಯಾಗಿ ತಿನ್ನುತ್ತದೆ ಎಂದು ಮಾತಾಡಿಕೊಳ್ಳುತ್ತಿದ್ದರು. ಪಂಜರ ನಮ್ಮಲ್ಲಿಯೇ ಇದ್ದ ದಿನ ನಾನು ವಿಭೂತಿ ಒಣಗಿಸಿದೆ. ಆಷಾಢದಲ್ಲಿ ವಿಭೂತಿ ಕಟ್ಟಿದವರು ನಮ್ಮ ಮನೆತನದಲ್ಲಿ ಯಾರೂ ಇಲ್ಲ. ಅಷ್ಟು ನಯವಾದ ಬಿಳಿ ನನ್ನ ಕೈಯಲ್ಲಿ ಅದುವರೆಗೆ ಬಂದಿರಲಿಲ್ಲ. ಅದನ್ನು ಹಣೆಗೆ ಹಚ್ಚಿಕೊಂಡು ದಿನವೂ ಜಪಕ್ಕೆ ಕೂರುತ್ತಿದ್ದೆ. ವಿಭೂತಿ ತಿನ್ನುವ ಪದಾರ್ಥವಲ್ಲ, ಹಾಗಾಗಿ ನಾನು ಪಾಲು ಕೊಡಬೇಕಾಗಿಲ್ಲ ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ಗಂಟು ಅಡಿಕೆಯಷ್ಟಾಯಿತು. ಚುರುಮರಿ ಪಂಜರದೊಳಗಿನ ಆಟದ ಚಕ್ರದಲ್ಲಿ ಓಡುವುದನ್ನು ಬಿಟ್ಟಿತು. ಮುಂಗಾಲನ್ನು ಅಗಲಿಸಿ, ಕಂಕುಳಲ್ಲಿ ಏನೋ ಇಟ್ಟುಕೊಂಡವರ ಹಾಗೆ ನಡೆಯತೊಡಗಿತು. ನೀಲವ್ವ ದನದ ಡಾಕ್ಟರ್ ಮೌಲಾಸಾಬರನ್ನು ಕರೆಸಿದಳು. ಅವರು ಕನ್ನಡಕ ಏರಿಸಿ, ಎರಡು ಬೆರಳಲ್ಲಿ ಹಿಡಿದು ನೋಡಿದರು.

"ಗಡ್ಡಿ ಬೆಳದೈತ್ರಿ ಅವ್ವಾ. ಎಮ್ಮಿ ಆಗಿದ್ರ ಹತ್ತ ನಿಮಿಷದ ಕೆಲಸ. ಇದಕ್ಕ ನನ್ನ ಬೆರಳ ಭಾರ ಆಗ್ತೈತಿ. ಆದ್ರೂ ಕೊಯ್ದ ನೋಡೂನು. ಅರ್ಧ ನನ್ನ ಕೈಯಾಗ, ಅರ್ಧ ಅವನ ಕೈಯಾಗ. ಎಂಟ ದಿನದಾಗ ಆಗಬೇಕು. ಆಮ್ಯಾಲೆ ನಾ ಕೈ ಹಚ್ಚೂದಿಲ್ಲ."

ಅಂದು ಸಂಜೆ ಶಂಕ್ರವ್ವ ಬಂದಳು. ಕಸ್ತೂರಿಯ ಲಗ್ನ ಅಂದಿಗೆ ಹನ್ನೆರಡನೆಯ ದಿನ ಇತ್ತು. ಎರಡು ಸಲ ಮಳೆಗೆ ಹಂದರ ಬಿದ್ದು ಮುಂದೆ ಹೋದ ಲಗ್ನ. ಗಂಡಿನವರು ಮೂರನೆಯ ಸಲ ಬರುವುದಿಲ್ಲ ಎಂದು ಹೇಳಿ ಕಳಿಸಿದ್ದರು. ನಮ್ಮ ಅಂಗಳದಲ್ಲಿಯೇ ಹಂದರ ಹಾಕುವುದೆಂದು ಮಾತಾಗಿತ್ತು. ಶಂಕ್ರವ್ವ ನೀಲವ್ವನ ಮುಂದೆ ಕೂತು, ನೆಲವನ್ನು ಬೆರಳಲ್ಲಿ ಗೀರುತ್ತ, "ಯಕ್ಕಾ, ಹನ್ನೆರಡ ದಿನಾ. ಹನ್ನೆರಡ ದಿನಾ ಇದು ಹಿಂಗ ಇದ್ರ ನನ್ನ ಕೂಸು ದಡಾ ಮುಟ್ತೈತಿ. ಇದ್ದಷ್ಟು ದಿನಾ ನಾನ ಅದನ್ನ ಎದಿಮ್ಯಾಲೆ ಇಟಗೊಂಡು ನೋಡ್ಕೋತೀನಿ" ಎಂದಳು.

ಇಬ್ಬರೂ ನನ್ನನ್ನು ನೋಡಿದರು. ನಾನು ಕಣ್ಣು ಮುಚ್ಚಿ, "ಶಿವನ ಇಚ್ಛೆ ಹೆಂಗೈತೋ ಹಂಗ" ಎಂದೆ.

ಶಂಕ್ರವ್ವ ಹೋದ ಮೇಲೆ ನೀಲವ್ವ ದೀಪದ ಬತ್ತಿ ಸರಿಮಾಡುತ್ತ, "ಶಿವನ್ನ ಯಾಕ ನಡುವ ತರ್ತೀರಿ?" ಎಂದಳು. "ನಿಮ್ಮ ವಿಭೂತಿ ಗಟ್ಟಿ ಇನ್ನೂ ಒಣಗಬೇಕು. ಅಷ್ಟ ಹೇಳ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಏನಾದರೂ ಹೇಳುತ್ತಿದ್ದೆ.

ಒಂದೊಂದೇ ದಿನ ಕಳೆಯಿತು. ಏಳನೆಯ ದಿನ ಬೆಳಿಗ್ಗೆ ಶಂಕ್ರವ್ವ ಲಗ್ನದ ಶಾವಿಗೆಯ ಪಾಲು ತಂದಳು. ಕಸ್ತೂರಿಯೂ ಜೊತೆಗಿದ್ದಳು. ನೀಲವ್ವ ಚುರುಮರಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ದೊಡ್ಡವ್ವಾ, ಇದರ ಮೈಯಾಗ ಎಲುವು ಬಿಟ್ರ ಏನಿಲ್ಲಲ್ಲ" ಎಂದಳು ಕಸ್ತೂರಿ. "ಇಷ್ಟ ತಿಂದದ್ದೆಲ್ಲಾ ಎಲ್ಲಿ ಹೋತು?"

"ಗಡ್ಡಿ ತಿಂತೈತವಾ" ಎಂದಳು ಶಂಕ್ರವ್ವ.

ಕಸ್ತೂರಿ ಪಂಜರ ತೊಳೆಯಲು ತೆಗೆದುಕೊಂಡಳು. ಒಂದು ಮೂಲೆಯಲ್ಲಿ ಚುರುಮರಿ ಮಲಗುವ ಅರಳೆಯ ಗೂಡು ಇತ್ತು. ಅದಕ್ಕೆ ತೊಂದರೆಯಾಗಬಾರದೆಂದು ನೀಲವ್ವ ಒಂದೂವರೆ ತಿಂಗಳಿಂದ ಆ ಅರಳೆಯನ್ನು ಮುಟ್ಟಿರಲಿಲ್ಲ. ಕಸ್ತೂರಿ ಅದನ್ನು ಎತ್ತಿದಳು. ಎತ್ತಿದವಳು ಹಾಗೆಯೇ ನಿಂತಳು.

ಅರಳೆಯ ಕೆಳಗೆ ಎಲ್ಲವೂ ಇತ್ತು. ಹಪ್ಪಳದ ಚೂರು, ಸಂಡಿಗೆಯ ತುಂಡು, ಶಾವಿಗೆಯ ಎಳೆ, ಕಡಲೆ, ಮೆಣಸಿನಕಾಯಿಯ ಬೀಜ, ಒತ್ತೊತ್ತಾಗಿ, ಕಣಜದಲ್ಲಿ ತುಂಬಿಟ್ಟ ಹಾಗೆ. ಕೆನ್ನೆಯಲ್ಲಿ ತುಂಬಿಕೊಂಡು ತಂದು ಅಲ್ಲಿ ಇಳಿಸಿತ್ತು. ಒಂದರ ಮೇಲೂ ಹಲ್ಲಿನ ಗುರುತಿರಲಿಲ್ಲ.

ಪರಪ್ಪಜ್ಜನನ್ನು ಕರೆದರು. ಅವನು ಬಗ್ಗಿ ಒಂದು ಸಂಡಿಗೆ ತುಂಡನ್ನು ಎತ್ತಿ ಬೆಳಕಿಗೆ ಹಿಡಿದ. "ಇದು ನಮ್ಮನೀದು. ಎಳ್ಳ ಹಾಕೇವಿ ನಾವು" ಎಂದ. ಆಮೇಲೆ ಮೆಲ್ಲಗೆ ಅದನ್ನು ಮೊದಲಿದ್ದಲ್ಲಿಯೇ ಇಟ್ಟ. "ಪಾಲು ಮುಟ್ಟಿಲ್ಲ."

ಶಂಕ್ರವ್ವನ ಕೈಯಲ್ಲಿ ಲಗ್ನದ ಶಾವಿಗೆಯ ಬಟ್ಟಲು ಹಾಗೆಯೇ ಇತ್ತು. ಅವಳು ಚುರುಮರಿಯನ್ನು ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಬಟ್ಟಲನ್ನು ನೆಲಕ್ಕಿಟ್ಟು, "ಮೌಲಾಸಾಬರನ್ನ ಕರೀರಿ ಅಣ್ಣಾರ. ನಾಳೆ ಎಂಟನೇ ದಿನಾ" ಎಂದಳು. ನೀಲವ್ವ ಅವಳ ಕೈ ಹಿಡಿಯಲು ಹೋದಳು. ಶಂಕ್ರವ್ವ ಕೊಸರಿಕೊಂಡು, "ಬಿಡಕ್ಕಾ. ನಂದಲ್ಲದ ಬಿಸಲಾಗ ನಾ ಮಗಳಿಗೆ ಅಕ್ಕಿಕಾಳ ಹಾಕಲೇನು?" ಎಂದಳು.

ಆ ದಿನ ಮಧ್ಯಾಹ್ನ ಓಣಿಯವರು ಒಬ್ಬೊಬ್ಬರಾಗಿ ಡಬ್ಬಿ, ಬುಟ್ಟಿ ಹೊತ್ತು ನಮ್ಮ ಮಾಳಿಗೆ ಹತ್ತಿದರು. ಒಣಗಿಸಿ ಒಯ್ದದ್ದನ್ನೆಲ್ಲ ತಂದು ಹರವಿ ಇಳಿದು ಹೋದರು. ಕರಿದು ತಿಂದು ಮುಗಿಸಿದವರು ಖಾಲಿ ಕೈಯಲ್ಲಿ ಬಂದು ನಿಂತು ಹೋದರು. ಎಲ್ಲರೂ ಹೋದ ಮೇಲೆ ನಾನು ಕೋಣೆಯಲ್ಲಿ ಪೇರಿಸಿಟ್ಟಿದ್ದ ವಿಭೂತಿ ಗಟ್ಟಿಗಳನ್ನು ಮೊರದಲ್ಲಿ ತುಂಬಿದೆ. ಹದಿನಾಲ್ಕು ಸಲ ಏಣಿ ಹತ್ತಿ ಇಳಿದೆ. ನೀಲವ್ವ ಕೆಳಗೆ ಏಣಿ ಹಿಡಿದು ನಿಂತಿದ್ದಳು.

ಮರುದಿನ ಪಡಸಾಲೆಯಲ್ಲಿ, ನಾನು ವಿಭೂತಿ ಕಟ್ಟುವ ಮಣೆಯ ಮೇಲೆಯೇ, ಮೌಲಾಸಾಬರು ಚುರುಮರಿಯನ್ನು ಮಲಗಿಸಿದರು. ಔಷಧಿಯಲ್ಲಿ ಅದ್ದಿದ ಅರಳೆಯನ್ನು ಮೂಗಿಗೆ ಹಿಡಿದರು. ಅದು ನಿದ್ದೆ ಹೋಯಿತು. ನೀಲವ್ವ ನಾಲ್ಕು ಕಾಲುಗಳನ್ನು ನಾಲ್ಕು ಬೆರಳಲ್ಲಿ ಹಿಡಿದಳು. ಮೌಲಾಸಾಬರು ಬಿಸ್ಮಿಲ್ಲಾ ಎಂದರು, ನಾನು ಪಂಚಾಕ್ಷರಿ ಹಿಡಿದೆ. ಹೊರಗೆ ಮಳೆ ಹುಯ್ಯುತ್ತಿತ್ತು. ನಮ್ಮ ಕಿವಿಯೆಲ್ಲ ಮಾಳಿಗೆಯ ಮೇಲಿತ್ತು. ಒಂದು ಹನಿಯ ಸದ್ದೂ ಕೇಳಬಾರದು ಎಂದು ಆ ಹೊತ್ತು ನಾನು ಬೇಡಿಕೊಂಡೆ. ಮಳೆಗೆ ಅಂಜಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಹನಿ ಬೀಳಲಿಲ್ಲ. ಮೌಲಾಸಾಬರು ಗಡ್ಡೆಯನ್ನು ಬಟ್ಟಲಿಗೆ ಹಾಕಿ, ಮೂರು ಹೊಲಿಗೆ ಹಾಕಿ, ಬೆವರು ಒರೆಸಿಕೊಂಡರು. "ಉಸರೈತಿ" ಎಂದರು. "ನಾಕ ದಿನದಾಗ ತಾನಾಗಿ ಏನರೆ ತಿಂತಂದ್ರ ಉಳೀತೈತಿ. ಇಲ್ಲಂದ್ರ ಇಲ್ಲ."

ಒಂದು ದಿನ ಹೋಯಿತು, ಎರಡು ದಿನ ಹೋಯಿತು. ನೀಲವ್ವ ಬತ್ತಿಯನ್ನು ನೀರಲ್ಲಿ ಅದ್ದಿ ಅದರ ತುಟಿಗೆ ಮುಟ್ಟಿಸುತ್ತಿದ್ದಳು. ನೀರನ್ನಷ್ಟೇ ನೆಕ್ಕುತ್ತಿತ್ತು. ಚುರುಮರಿ ಕಾಳು ಮುಂದಿಟ್ಟರೆ ಮುಖ ತಿರುವುತ್ತಿತ್ತು. ಮಾಳಿಗೆ ಒಣಗಿಯೇ ಇತ್ತು.

ನಾಲ್ಕನೆಯ ದಿನ ಲಗ್ನ. ಶಂಕ್ರವ್ವ ತನ್ನ ಅಂಗಳದಲ್ಲಿಯೇ ತಾಡಪತ್ರಿ ಕಟ್ಟಿಸಿ ಹಂದರ ಹಾಕಿದ್ದಳು. ಬೆಳಿಗ್ಗೆ ಅರಿಷಿಣ ಹಚ್ಚಿಕೊಂಡ ಕೈಯಲ್ಲಿಯೇ ಕಸ್ತೂರಿ ನಮ್ಮ ಮನೆಗೆ ಓಡಿ ಬಂದಳು. ಪಂಜರದ ಮುಂದೆ ಕೂತು ನಾಲ್ಕು ಅಕ್ಷತೆ ಕಾಳು ಒಳಗಿಟ್ಟಳು. "ಇದು ಪಾಲಲ್ಲ, ನಿನ್ನ ಮಾಳಿಗಿ ಮ್ಯಾಲೆ ಒಣಗಿಸಿದ್ದೂ ಅಲ್ಲ. ಕರಿಯಾಕ ಬಂದೀನಿ. ಲಗ್ನಕ್ಕ ಬಾ" ಎಂದಳು. ಊರಲ್ಲಿ ಎಲ್ಲರನ್ನೂ ಅಕ್ಷತೆ ಕೊಟ್ಟೇ ಕರೆಯುವುದು. ಅದನ್ನು ಮಾತ್ರ ಯಾರೂ ಕರೆದಿರಲಿಲ್ಲ.

ಲಗ್ನಕ್ಕೆ ನಾನೊಬ್ಬನೇ ಹೋದೆ. ತಾಡಪತ್ರಿಯಲ್ಲಿ ನೀರು ನಿಂತು ಹೊಟ್ಟೆ ಬಂದಿತ್ತು. ಹುಡುಗರು ಕೋಲಿನಿಂದ ಎತ್ತಿ ಎತ್ತಿ ಚೆಲ್ಲುತ್ತಿದ್ದರು. ಚೆಲ್ಲಿದ ನೀರು ಬೀಗರ ಮೇಲೆಯೇ ಬೀಳುತ್ತಿತ್ತು. ಗಂಡಿನ ಸೋದರಮಾವ ರುಮಾಲು ಹಿಂಡುತ್ತ, "ಏನ್ರೀ ಬೀಗತಿ, ಬಾಜೂಕ ಒಣಗಿದ ಅಂಗಳ ಐತಿ, ನೀವು ನಮ್ಮನ್ನ ಕೆರಿಯಾಗ ಕುಂದ್ರಿಸೀರಿ. ಲಗ್ನಾನೋ ಜಳಕಾನೋ?" ಎಂದ. ಎಲ್ಲರೂ ನಕ್ಕರು. ಶಂಕ್ರವ್ವ ನಗಲಿಲ್ಲ. "ಅದು ನಮಗ ಸಂದಿಲ್ರಿ" ಎಂದಳು. ಸೋದರಮಾವ ಮತ್ತೆ ಕೇಳಲಿಲ್ಲ. ಅವನೂ ಈ ಸೀಮೆಯವನೇ.

ಮುಹೂರ್ತ ಬಂತು. ಸ್ವಾಮಿಗಳು ಮಂತ್ರ ಎತ್ತಿದರು. ಎಲ್ಲರೂ ಮುಷ್ಟಿಯಲ್ಲಿ ಅಕ್ಷತೆ ಹಿಡಿದು ಎದ್ದು ನಿಂತೆವು. ಆಗ ಅಂಗಳದ ಗಿಡ್ಡ ಗೋಡೆಯಾಚೆ ಹುರಿದ ಕಾಳು ಸುರುವಿದಂಥ ಸದ್ದಾಯಿತು.

ನಮ್ಮ ಮಾಳಿಗೆಯ ಮೇಲೆ ಮಳೆ ಬಿದ್ದಿತ್ತು.

ಊರಿನವರ ಕೈಗಳೆಲ್ಲ ಮೇಲೆತ್ತಿದ್ದಲ್ಲಿಯೇ ನಿಂತವು. ಪರಪ್ಪಜ್ಜ ಟೊಪ್ಪಿಗೆ ತೆಗೆದ. ಮಾಳಿಗೆಯ ಮೇಲೆ ಓಣಿಯ ಹಪ್ಪಳಗಳೆಲ್ಲ ನೆನೆಯುತ್ತಿದ್ದವು. ಒಬ್ಬರೂ ಆ ಕಡೆ ಓಡಲಿಲ್ಲ. ಸ್ವಲ್ಪ ಹೊತ್ತಿಗೆ ಮಾಳಿಗೆಯ ಅಂಚಿನಿಂದ ಗೋಡೆಯ ಮೇಲೆ ಬೆಳ್ಳಗೆ ಒಂದು ಗೆರೆ ಇಳಿಯಿತು. ಆಮೇಲೆ ಇನ್ನೊಂದು, ಮಗದೊಂದು. ನನ್ನ ಒಂದೂವರೆ ತಿಂಗಳ ವಿಭೂತಿ ಕರಗಿ ಇಳಿಯುತ್ತಿತ್ತು. ನಾನು ಮನೆಗೆ ಹೋಗಿ ನೋಡಬೇಕಿತ್ತು. ಜೀವಮಾನವೆಲ್ಲ ಶಿವನ ಹೆಸರು ಹೇಳಿದವನು ನಾನು, ಅವನು ಒಳಗೆ ಏನು ಮಾಡಿಟ್ಟಿದ್ದಾನೆಂದು ಹೋಗಿ ನೋಡುವ ಧೈರ್ಯ ಬರಲಿಲ್ಲ. ಮಂತ್ರ ನಡೆದೇ ಇತ್ತು. ಕಸ್ತೂರಿ ಬಾಸಿಂಗದ ಕೆಳಗಿನಿಂದ ನಮ್ಮ ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತೆರೆಯಿತು. ನೀಲವ್ವ ಹೊಸ್ತಿಲಲ್ಲಿ ಬಂದು ನಿಂತಳು. ಅಷ್ಟು ಜನ ತನ್ನನ್ನೇ ನೋಡುತ್ತಿರುವುದನ್ನು ಕಂಡು ಸೆರಗು ತಲೆಯ ಮೇಲೆಳೆದುಕೊಂಡಳು. ಅವಳು ದನಿ ಎತ್ತಿ ಮಾತಾಡುವವಳಲ್ಲ.

"ತಿನ್ನಾಕತ್ತೈತಿ" ಎಂದಳು.

ಅಕ್ಷತೆ ಬಿತ್ತು. ಮದುಮಕ್ಕಳ ಮೇಲೆ ಬಿದ್ದದ್ದೆಷ್ಟೋ, ನಮ್ಮ ಗೋಡೆಯ ಕಡೆಗೆ ಹಾರಿದ್ದೆಷ್ಟೋ. ನಾನು ಆಗ ಮನೆಗೆ ಹೋದೆ. ಪಂಜರದ ನಡುವೆ, ಅರಿಷಿಣದ ಅಕ್ಕಿಕಾಳೊಂದನ್ನು ಎರಡೂ ಕೈಯಲ್ಲಿ ಹಿಡಿದು, ಹೊಲಿಗೆಯ ಮಗ್ಗುಲಿಗೆ ತುಸು ವಾಲಿ, ಅದು ಕಟಕಟ ಕಡಿಯುತ್ತ ಕೂತಿತ್ತು. ಕೆನ್ನೆ ಊದಿರಲಿಲ್ಲ.

ಈ ವರ್ಷ ನಮ್ಮ ಓಣಿಯಲ್ಲಿ ಯಾರ ಮನೆಯಲ್ಲಿಯೂ ಹಪ್ಪಳವಿಲ್ಲ. ಊಟಕ್ಕೆ ಕೂತಾಗಲೆಲ್ಲ ಪರಪ್ಪಜ್ಜ, "ಇಲಿ ಉಂಡಿತು, ಓಣಿ ಉಪಾಸ ಬಿತ್ತು" ಎನ್ನುತ್ತಾನೆ. ಕಟ್ಟಳೆಗೆ ಅವನೇ ಒಂದು ಮಾತು ಸೇರಿಸಿದ್ದಾನೆ, ಹೆಸರಿಟ್ಟದ್ದು ಯಾವುದೇ ಇರಲಿ, ಹೊತ್ತು ತಿರುಗಬಾರದು ಎಂದು. ಗೋಡೆಯ ಮೇಲಿನ ಬಿಳಿ ಗೆರೆಗಳು ಇನ್ನೂ ಇವೆ. ಸುಣ್ಣ ಹೊಡೆಸಬೇಕೆಂದು ಬಂದವರೆಲ್ಲ ಹೇಳುತ್ತಾರೆ. ಹಣೆಗೆ ವಿಭೂತಿಯನ್ನು ಅಡ್ಡ ಹಚ್ಚುತ್ತಾರೆ, ನಮ್ಮ ಮನೆ ಉದ್ದಕ್ಕೆ ಹಚ್ಚಿಕೊಂಡಿದೆ. ಹೊರಗೆ ಹೊರಟಾಗ ನಾನು ಆ ಗೋಡೆಯನ್ನು ಮುಟ್ಟಿ, ಬೆರಳಿಗೆ ಬಂದಷ್ಟನ್ನು ಹಣೆಗೆ ಹಚ್ಚಿಕೊಂಡು ಹೋಗುತ್ತೇನೆ.